ಕಾಮಠಿಯಿಂದ ರಾಮದಾಸಪೇಠಕ್ಕೆ, ಬರ್ಫದ ಥರ್ಮಾಸಿನೊಂದಿಗೆ

ಎಂಬತ್ತಾರನೆಯ ಇಸವಿ, ಮೇ ತಿಂಗಳ ಒಂದು ಮಂಗಳವಾರ. ಬೆಳಿಗ್ಗೆ ಆರೂ ಕಾಲಿಗೆ ಕಾಮಠಿಯ ಕ್ವಾರ್ಟರ್ಸಿಗೆ ಬೀಗ ಹಾಕಿ ನಾವಿಬ್ಬರೂ ಹೊರಟೆವು. ಹೋಗಬೇಕಾಗಿದ್ದು ನಾಗಪುರಕ್ಕೆ. ದೂರ ಹದಿನಾರು ಕಿಲೋಮೀಟರು. ಡಾಕ್ಟರು ಬರಹೇಳಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ತಲೆ ಸರಿಯಿದ್ದವರು ಯಾರೂ ಅಷ್ಟು ಬೇಗ ಹೊರಡುವುದಿಲ್ಲ. ಆದರೆ ನಮ್ಮ ಯಜಮಾನರು ಫೌಜಿನಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಹವಾಲ್ದಾರರು. ಹೇಳಿದ ಹೊತ್ತಿಗೆ ಸರಿಯಾಗಿ ಹೋಗುವುದೆಂದರೆ ಅವರ ಲೆಕ್ಕದಲ್ಲಿ ತಡವಾಗಿ ಹೋದಂತೆ. ನಮ್ಮ ಮದುವೆಯ ದಿನವೂ ನನ್ನ ತವರಿನವರು ಏಳುವ ಮೊದಲೇ ಹಂದರದಲ್ಲಿ ಬಂದು ಕುಳಿತಿದ್ದರು.

ಗದಗಿನ ನಮ್ಮ ಓಣಿಯ ಮಹಿಳಾ ಮಂಡಳದವರು ವರ್ಷಕ್ಕೊಮ್ಮೆ ಕೈಬರಹದ ಪತ್ರಿಕೆ ತೆಗೆಯುತ್ತಾರೆ. ಈ ಸಲದ್ದಕ್ಕೆ ಒಂದು ಪ್ರವಾಸದ ಬಗ್ಗೆ ಬರೆದು ಕಳಿಸು, ಅಷ್ಟು ದೂರದಲ್ಲಿದ್ದೀ, ರಾಮಟೇಕದ ಗುಡಿಯನ್ನಾದರೂ ನೋಡಿರಬೇಕಲ್ಲ ಎಂದು ನನ್ನ ಅಕ್ಕ ಕಾಗದ ಹಾಕಿದ್ದಳು. ರಾಮಟೇಕವನ್ನು ನಾನು ನೋಡಿಲ್ಲ. ಕಾಶಿ ರಾಮೇಶ್ವರಕ್ಕೆ ಹೋಗಿಬಂದವರು ಮಂಡಳದಲ್ಲಿ ಬೇಕಾದಷ್ಟು ಜನರಿದ್ದಾರೆ, ಅವರು ಬರೆಯಲಿ. ನಾನು ಈ ಬೇಸಿಗೆಯಲ್ಲಿ ಕಣ್ಣುಬಿಟ್ಟು ನೋಡಿದ್ದು ಕಾಮಠಿಯಿಂದ ನಾಗಪುರದ ರಾಮದಾಸಪೇಠದ ಆಸ್ಪತ್ರೆಗೆ ಹೋಗುವ ದಾರಿಯೊಂದನ್ನೇ. ಅದೇ ಕಾಗದದ ಕೊನೆಯಲ್ಲಿ ಅಕ್ಕ "ನಿನ್ನ ಅದು ಹೇಗಿದೆ" ಎಂದು ಕೇಳಿದ್ದಳು. ಊರಿನಿಂದ ಬರುವ ಎಲ್ಲ ಕಾಗದಗಳಲ್ಲೂ ನನ್ನ ಕಾಯಿಲೆಯ ಹೆಸರು "ಅದು". ಆದ್ದರಿಂದ ಮೊದಲಿಗೇ ಬರೆದುಬಿಡುತ್ತೇನೆ. ಅದರ ಹೆಸರು ಕ್ಯಾನ್ಸರ್. ಬರೆದರೆ ಓದಿದವರಿಗೆ ಅಂಟುವುದಿಲ್ಲ.

ನನ್ನ ಕುತ್ತಿಗೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಮೂರು ಗಂಟುಗಳೆದ್ದವು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಆರು ಸಲ ಔಷಧ ಕೊಡಬೇಕು ಎಂದರು. ಎರಡು ಸಲ ಕೊಟ್ಟಾಗಿತ್ತು, ಗಂಟುಗಳು ಕಡಲೆಕಾಳಿನಷ್ಟಕ್ಕೆ ಇಳಿದಿದ್ದವು. ಮೂರನೆಯ ಸಲಕ್ಕೆ ಹೋದಾಗ ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾಗಿವೆ, ಈಗ ಕೊಟ್ಟರೆ ತಡೆಯುವುದಿಲ್ಲ ಎಂದು ಹಿಂದಕ್ಕೆ ಕಳಿಸಿದರು. ಅದರ ಮುಂದಿನ ವಾರವೂ ಅದೇ ಆಯಿತು. ಇನ್ನೂ ತಡವಾದರೆ ಗಂಟುಗಳು ಮತ್ತೆ ತಲೆಯೆತ್ತುತ್ತವೆ, ಆಗ ಇದೇ ಔಷಧಕ್ಕೆ ಜಗ್ಗುತ್ತವೆಂದು ನಾನು ಹೇಳಲಾರೆ ಎಂದಿದ್ದರು ಡಾಕ್ಟರು. ಹಿಂದಿನ ದಿನ ಕೊಟ್ಟ ರಕ್ತದ ರಿಪೋರ್ಟು ಈ ಸಲ ಚೆನ್ನಾಗಿ ಬಂದಿತ್ತು. ಇಂದು ಔಷಧ ಹಾಕಿಸಿಕೊಳ್ಳದೆ ಆ ಆಸ್ಪತ್ರೆಯ ಮೆಟ್ಟಿಲು ಇಳಿಯುವುದಿಲ್ಲ ಎಂದು ನಾನು ನಿಶ್ಚಯ ಮಾಡಿಕೊಂಡೇ ಹೊರಟಿದ್ದೆ.

ಈ ಪ್ರಯಾಣದ ತಯಾರಿ ಬೇರೆ ಪ್ರಯಾಣದ ತಯಾರಿಯಂತಲ್ಲ. ಬುತ್ತಿಯ ವಿಷಯವನ್ನೇ ತೆಗೆದುಕೊಳ್ಳಿ. ಮೊದಲ ಸಲ ಹೋಗುವಾಗ ಪುಷ್ಟಿಯಾಗಿರಲಿ ಎಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ ಹೊಟ್ಟೆತುಂಬ ತಿಂದು ಹೋದೆ. ಸಂಜೆ ಅದೆಲ್ಲ ವಾಂತಿಯಾಯಿತು. ಆ ದಿನದಿಂದ ರೊಟ್ಟಿಯ ವಾಸನೆ ಬಂದರೆ ಸಾಕು ಹೊಟ್ಟೆ ತೊಳಸುತ್ತದೆ. ಗದಗಿನವಳಿಗೆ ರೊಟ್ಟಿ ಸೇರದಂತಾದರೆ ಉಳಿದದ್ದೇನು? ಎರಡನೆಯ ಸಲ ಬುದ್ಧಿ ಕಲಿತೆ. ಅಂದು ತಿನ್ನುವುದೆಲ್ಲ ಮುಂದೆ ಬೇಡವಾಗುವುದಿದ್ದರೆ, ಮೊದಲಿನಿಂದಲೂ ನನಗೆ ಬೇಡವಾದದ್ದನ್ನೇ ತಿಂದು ಹೋಗುವುದು. ನನಗೆ ಹುಟ್ಟಿನಿಂದ ಸೇರದ್ದು ಶಾವಿಗೆ ಉಪ್ಪಿಟ್ಟು. ಆ ಮಂಗಳವಾರ ಬೆಳಿಗ್ಗೆ ಒಂದು ತಟ್ಟೆ ಶಾವಿಗೆ ಉಪ್ಪಿಟ್ಟನ್ನು ಮುಖ ಸಿಂಡರಿಸಿಕೊಂಡು ಖಾಲಿ ಮಾಡಿದೆ. ಹೋದರೆ ಅದು ಹೋಗಲಿ.

ರವಿಕೆಯ ಎಡತೋಳಿನ ಹೊಲಿಗೆ ಬಿಚ್ಚಿ ಭುಜದವರೆಗೆ ಹುಕ್ಕು ಹಚ್ಚಿಕೊಂಡಿದ್ದೆ. ಸೂಜಿ ಚುಚ್ಚುವಾಗ ಬಿಗಿ ತೋಳನ್ನು ಮೇಲೆ ಸರಿಸಲು ಒದ್ದಾಡುವುದು ತಪ್ಪುತ್ತದೆ. ಸೀರೆ ಮಾತ್ರ ಕಟ್ಟಿನಲ್ಲಿದ್ದ ಹೊಸ ಇಳಕಲ್ಲು. ಆಸ್ಪತ್ರೆಗೆ ಹಳೆಯ ಸೀರೆ ಸಾಕು ಎಂದರು ಪಕ್ಕದ ಮನೆಯವರು. ಹಳೆಯ ಸೀರೆ ಉಟ್ಟು ಹೋದ ದಿನ ಹಿಂದಕ್ಕೆ ಕಳಿಸಿದ್ದಾರೆ, ಇಂದು ಇದನ್ನೇ ಉಡುತ್ತೇನೆ ಎಂದೆ. ತಲೆಯಲ್ಲಿ ಒಂದೂ ಕೂದಲಿರಲಿಲ್ಲ. ಬಿಸಿಲಿಗೆಂದು ಸೆರಗು ಹೊದ್ದೆ, ನಾಚಿಕೆಗಲ್ಲ. ಸೊಂಟದಲ್ಲಿ, ಇಲ್ಲಿಯವರ ಪದ್ಧತಿಯಂತೆ, ಬಿಸಿಗಾಳಿ ತಾಗದಿರಲಿ ಎಂದು ಒಂದು ಉಳ್ಳಾಗಡ್ಡಿ.

ಉಳಿದ ತಯಾರಿಯೆಲ್ಲ ಯಜಮಾನರದು. ಅವರ ಕೆಲಸ ಆಫೀಸರರ ಮೆಸ್ಸಿನಲ್ಲಿ, ಅಡುಗೆಮನೆ ಉಗ್ರಾಣಗಳ ಮೇಲ್ವಿಚಾರಣೆ. ಚೀಲದಲ್ಲಿ ಏನೇನಿರಬೇಕೆಂದು ಕಾಗದದಲ್ಲಿ ಪಟ್ಟಿ ಮಾಡಿ, ಒಂದೊಂದಕ್ಕೂ ಗೀಟು ಹಾಕಿ ತುಂಬಿದ್ದರು. ಟವೆಲ್ಲು ಎರಡು, ವಾಂತಿಗೆ ಮುಚ್ಚಳದ ಡಬ್ಬಿ ಒಂದು, ನಿಂಬೆಹಣ್ಣು ನಾಲ್ಕು, ಹಳೆಯ ರಿಪೋರ್ಟುಗಳ ಫೈಲು. ಮುಖ್ಯವಾದದ್ದು ಅಗಲ ಬಾಯಿಯ ದೊಡ್ಡ ಥರ್ಮಾಸು. ನನಗೆ ಹಾಕುವ ಎರಡು ಔಷಧಗಳಲ್ಲಿ ಒಂದು ಆಸ್ಪತ್ರೆಯಲ್ಲೇ ಇರುತ್ತದೆ. ಇನ್ನೊಂದನ್ನು, ಹೆಬ್ಬೆರಳಿನಷ್ಟು ದೊಡ್ಡ ಶೀಶೆಯದು, ಸೀತಾಬರ್ಡಿ ಪೇಟೆಯ ಅಂಗಡಿಯಲ್ಲಿ ನಾವೇ ಕೊಂಡು ಬರ್ಫದಲ್ಲಿಟ್ಟು ಒಯ್ಯಬೇಕು. ನಾಗಪುರದ ಮೇ ತಿಂಗಳಿನಲ್ಲಿ ಬರ್ಫ ಎಷ್ಟು ಹೊತ್ತು ನಿಂತೀತು? ಹಿಂದಿನ ಸಲ ಹನ್ನೊಂದಕ್ಕೆಲ್ಲ ಕರಗಿ ನೀರಾಗಿತ್ತು. ಈ ಸಲ ಅವರು ಮೆಸ್ಸಿನಿಂದ ತಂದ ಬರ್ಫವನ್ನು ಕುಟ್ಟಿ ಥರ್ಮಾಸಿಗೆ ತುಂಬಿ, ಮೇಲೆ ಎರಡು ಹಿಡಿ ಹರಳುಪ್ಪು ಸುರಿದರು. ಆಫೀಸರರಿಗೆ ಐಸ್ ಕ್ರೀಮು ಮಾಡುವಾಗ ಡಬ್ಬದ ಸುತ್ತಲಿನ ಬರ್ಫಕ್ಕೆ ಹೀಗೇ ಉಪ್ಪು ಹಾಕುವುದು, ಇನ್ನೂ ತಣ್ಣಗಾಗುತ್ತದೆ ಎಂದು ವಿವರಿಸಿದರು. ಎಷ್ಟು ಜಾಣರಿದ್ದೀರಿ ಎಂದು ನಾನೂ ಹೊಗಳಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಸ್ಸಿಗೆ ಇಬ್ಬರಿಗೂ ಸೇರಿ ನಾಲ್ಕು ರೂಪಾಯಿ. ಆರೂವರೆಗೇ ಕಿಟಕಿಯ ಕಂಬಿ ಬೆಚ್ಚಗಿತ್ತು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಸೆರಗು ಗಾಳಿಗೆ ಜಾರಿದಾಗ ತಲೆಯನ್ನು ನೋಡಿ, ಕೊರಳಲ್ಲಿನ ತಾಳಿಯನ್ನೂ ನೋಡಿ, ಲೆಕ್ಕ ಕೂಡದೆ, ತಿರುಪತಿಗೆ ಹೋಗಿದ್ದಿರಾ ಎಂದು ಹಿಂದಿಯಲ್ಲಿ ಕೇಳಿದಳು. ಇಲ್ಲ, ರಾಮದಾಸಪೇಠಕ್ಕೆ ಹೋಗಿದ್ದೆ ಎಂದೆ. ಅಲ್ಲಿ ಯಾವ ದೇವರು ಎಂದಳು. ಹೋಗಿಬಂದ ಮೇಲೆ ಹೇಳುತ್ತೇನೆ ಎಂದೆ. ಯಜಮಾನರು ಥರ್ಮಾಸನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ನಗು ತಡೆಯಲು ಹೊರಗೆ ನೋಡುತ್ತಿದ್ದರು.

ಸೀತಾಬರ್ಡಿಯಲ್ಲಿ ಇಳಿದಾಗ ಏಳೂವರೆ. ಬಟ್ಟೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಔಷಧದ ಅಂಗಡಿಯವನನ್ನು ಎಂಟಕ್ಕೇ ಬಾಗಿಲು ತೆಗೆಯುವಂತೆ ಯಜಮಾನರು ಹಿಂದಿನ ದಿನವೇ ಒಪ್ಪಿಸಿದ್ದರು. ಅಲ್ಲಿಯವರೆಗೆ ಗಾಡಿಯೊಂದರ ಮುಂದೆ ನಿಂತು ಅವರು ಕೆಂಪು ಎಣ್ಣೆಯ ರಸ ಸುರಿದ ಅವಲಕ್ಕಿ ತಿಂದರು. ನಾಗಪುರದವರು ಅದಕ್ಕೆ ತರ್ರಿ ಪೋಹೆ ಎನ್ನುತ್ತಾರೆ. ಊರು ಬಿಟ್ಟು ಬಂದ ಮೇಲೆ ನನ್ನ ನಾಲಿಗೆ ಸೋತ ತಿಂಡಿ ಇದೊಂದೇ. ಒಂದು ಚಮಚ ತಿನ್ನು ಎಂದರು. ಇಂದು ತಿಂದು ಇದನ್ನೂ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಮೂಗು ಮುಚ್ಚಿಕೊಂಡು ಎದುರು ಕಟ್ಟೆಯ ಮೇಲೆ ಕುಳಿತೆ.

ಎಂಟಕ್ಕೆ ಅಂಗಡಿಯವನು ಫ್ರಿಜ್ಜಿನಿಂದ ಶೀಶೆ ತೆಗೆದುಕೊಟ್ಟ. ಮುಂಬಯಿಯಿಂದ ಬರುವ ಮಾಲು, ಇದು ಕೊನೆಯದು, ಇನ್ನು ಬರುವುದು ಸೋಮವಾರ ಎಂದ. ತಣ್ಣಗಿಡಿ ಎಂದೂ ಹೇಳಿದ. ಯಜಮಾನರು ಅದನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಉಪ್ಪು ಬೆರೆತ ಬರ್ಫದ ನಟ್ಟನಡುವೆ ಹುಗಿದು, ಮುಚ್ಚಳ ತಿರುಗಿಸಿ, ಅದರ ಮೇಲೆ ಒದ್ದೆ ಟವೆಲ್ಲು ಸುತ್ತಿದರು. ಎಂಟೂವರೆಗೆ ಸೈಕಲ್ ರಿಕ್ಷಾದಲ್ಲಿ ನಾವು ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಕಸ ಗುಡಿಸುತ್ತಿದ್ದ ಹೆಂಗಸು ನಮ್ಮನ್ನು ಕಂಡು, ಇಷ್ಟು ಬೇಗ ಯಾರ ಹೆರಿಗೆ ಎಂದು ಕೇಳಿದಳು.

ಔಷಧ ಕೊಡುವ ಕೋಣೆಯ ಹೊರಗೆ ಉದ್ದನೆಯ ಮೊಗಸಾಲೆ. ಒಂದು ತುದಿಯಲ್ಲಿ ಬೆಂಚು, ಇನ್ನೊಂದು ತುದಿಯಲ್ಲಿ ಹಸಿರು ಬಾಗಿಲು, ನಡುವೆ ಲಾವಂಚದ ಬೇರು ಹಾಕಿದ ಕೂಲರು. ಒಂಬತ್ತೂವರೆಯ ಹೊತ್ತಿಗೆ ಬೆಂಚಿಗೆ ಇನ್ನೊಬ್ಬಳು ಬಂದಳು. ಹೆಸರು ಸುಮನ್, ಉಮರೇಡದ ಕಡೆಯ ಹಳ್ಳಿಯವಳು, ಮೂವತ್ತು ದಾಟಿರಲಿಕ್ಕಿಲ್ಲ, ಮೆಣಸಿನಕಾಯಿ ಆರಿಸುವ ಕೆಲಸ. ಜೊತೆಗೆ ಅಣ್ಣ. ಅವಳದೂ ನನ್ನಂಥದೇ ಗಂಟು, ಅದೇ ಔಷಧ. ನನಗೆ ಮೂರನೆಯ ಸಲವಾದರೆ ಅವಳಿಗೆ ಎರಡನೆಯದು. ಶೀಶೆಯನ್ನು ಅವಳೂ ಹಿಂದಿನ ದಿನ ಅದೇ ಅಂಗಡಿಯಲ್ಲಿ ಕೊಂಡು, ರಾತ್ರಿ ನಾಗಪುರದಲ್ಲಿ ನೆಂಟರ ಫ್ರಿಜ್ಜಿನಲ್ಲಿಟ್ಟು, ಈಗ ಬರ್ಫ ತುಂಬಿದ ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ಮೊದಲ ಸಲ ಹಾಕಿಸಿಕೊಂಡಾಗ ಹನ್ನೆರಡು ದಿನ ಚಾಪೆಯಿಂದ ಎದ್ದಿರಲಿಲ್ಲವಂತೆ. ಸಾಕು ಬಿಡಿಸೋಣ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ ಎಂದಳು.

ಯಜಮಾನರ ಕಣ್ಣು ಅವಳ ಡಬ್ಬಿಯ ಮೇಲಿತ್ತು. ಇದು ನಿಲ್ಲುವುದಿಲ್ಲ ಎಂದು ತೀರ್ಮಾನಿಸಿ, ಚೀಲದಲ್ಲಿ ಉಳಿದಿದ್ದ ಉಪ್ಪಿನ ಪೊಟ್ಟಣ ತೆಗೆದು, ಒಂದು ಹಿಡಿ ಹಾಕುತ್ತೇನೆ, ಮುಚ್ಚಳ ತೆಗೆಯಿರಿ ಎಂದರು. ಸುಮನ್ ಡಬ್ಬಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬರ್ಫ ಕರಗಿದ ಮೇಲೆ ನೀರು ಕುಡಿಯಬೇಕು, ಹೊರಗೆ ಇಷ್ಟು ಬಿಸಿಲು, ಉಪ್ಪು ಹಾಕಿದರೆ ಯಾರು ಕುಡಿಯುತ್ತಾರೆ ಎಂದಳು. ಸಿವಿಲಿಯನ್ನರ ಬುದ್ಧಿಯೇ ಇಷ್ಟು ಎನ್ನುವ ಮುಖ ಮಾಡಿಕೊಂಡು ಅವರು ಪೊಟ್ಟಣ ಒಳಗಿಟ್ಟರು.

ಹನ್ನೆರಡಕ್ಕೆ ನನ್ನನ್ನು ಒಳಗೆ ಕರೆದರು. ಕೇರಳದ ಸಿಸ್ಟರು ನನ್ನ ಎಡಗೈಯನ್ನು ಬಿಸಿನೀರಿನ ಟವೆಲ್ಲಿನಲ್ಲಿ ಸುತ್ತಿ, ನರ ಹುಡುಕಿ, ಸಲಾಯಿನ್ ಹಚ್ಚಿದಳು. ಒಂದೇ ಸಲಕ್ಕೆ ನರ ಸಿಕ್ಕಿತು. ಇಂದು ಶುಭದಿನ ಎಂದುಕೊಂಡೆ. ಡಾಕ್ಟರು ರಿಪೋರ್ಟು ನೋಡಿ ತಲೆಯಾಡಿಸಿದರು. ಸಿಸ್ಟರು ಥರ್ಮಾಸಿನ ಮುಚ್ಚಳ ತೆಗೆದು ಡಬ್ಬಿಯಿಂದ ಶೀಶೆಯನ್ನು ಎತ್ತಿ ಹಿಡಿದು, ಅಲುಗಾಡಿಸಿ, ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಒಳಗಿನ ಔಷಧ ಅಲುಗಲಿಲ್ಲ. ಬೆಳ್ಳಗೆ ಕಲ್ಲಾಗಿ ಕುಳಿತಿತ್ತು.

ಇದು ಹೇಗೆ ಹೀಗಾಯಿತು ಎಂದು ಅವಳು ಕೇಳಿದಳು. ನಮ್ಮ ಯಜಮಾನರು ಎದೆ ಮುಂದೆ ಮಾಡಿ, ಬಹುಮಾನ ಕೊಡುತ್ತಾರೇನೋ ಎನ್ನುವಂತೆ ಹೇಳಿದರು:

"ನಮಕ್ ಡಾಲಾ ಹೈ, ಸಿಸ್ಟರ್. ಶಾಮ್ ತಕ್ ನಹೀ ಪಿಘಲೇಗಾ."

ಉಪ್ಪು ಹಾಕಿದ್ದೇನೆ, ಸಂಜೆಯವರೆಗೂ ಕರಗುವುದಿಲ್ಲ. ಸಿಸ್ಟರು ಡಾಕ್ಟರ ಮುಖ ನೋಡಿದಳು. ಡಾಕ್ಟರು ಶೀಶೆಯ ಮೇಲಿನ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳನ್ನು ತೋರಿಸಿದರು. ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು ಎಂದು ಅದರಲ್ಲಿತ್ತಂತೆ. ಹೆಪ್ಪುಗಟ್ಟಿದ ಔಷಧ ಕರಗಿದ ಮೇಲೂ ಕೆಲಸ ಮಾಡುತ್ತದೆಂದು ಹೇಳಲಾಗುವುದಿಲ್ಲ, ಅದನ್ನು ನಾನು ಚುಚ್ಚುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನೂ ಕೊಡುವುದಿಲ್ಲ, ಮುಂದಿನ ವಾರ ಬನ್ನಿ ಎಂದರು.

ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಅಷ್ಟು ಸಿಟ್ಟು ನನಗೆ ಕಾಯಿಲೆಯ ಮೇಲೂ ಬಂದಿರಲಿಲ್ಲ.

"ಇಪ್ಪತ್ತು ವರ್ಸ ಸಾಹೇಬರಿಗೆ ಕುಲ್ಫಿ ಮಾಡಿಕೊಟ್ರಿ. ಇವತ್ತು ನನ್ನ ಜೀವದ್ದೂ ಕುಲ್ಫಿ ಮಾಡಿದ್ರಿ" ಎಂದೆ.

ಅವರು ಅಟೆನ್ಷನ್ನಿನಲ್ಲಿ ನಿಂತೇ ಇದ್ದರು. ನಾನು ಡಾಕ್ಟರ ಕಡೆ ತಿರುಗಿ, ನಾನು ಹಿಂದಕ್ಕೆ ಹೋಗುವುದಿಲ್ಲ, ಇಲ್ಲಿಂದ ಎರಡು ಸಲ ಹೋಗಿದ್ದೇನೆ, ಮೂರನೆಯ ಸಲ ಹೋಗುವವಳು ಬೇರೆ ಯಾರಾದರೂ ಇರಬೇಕು, ನಾನಲ್ಲ ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅವರು ಗಡಿಯಾರ ನೋಡಿದರು. ಎರಡು ಗಂಟೆಯವರೆಗೆ ಇರುತ್ತೇನೆ, ಅಷ್ಟರೊಳಗೆ ಇನ್ನೊಂದು ಶೀಶೆ ತಂದರೆ ಕೊಡುತ್ತೇನೆ ಎಂದರು. ಸಲಾಯಿನ್ ಬಿಚ್ಚಿ ಎಂದು ಸಿಸ್ಟರಿಗೆ ಹೇಳಿದೆ. ಅವಳು ಸೂಜಿಯನ್ನು ಕೈಯಲ್ಲೇ ಬಿಟ್ಟು, ಅದರ ಬಾಯಿ ಮುಚ್ಚಿ, ಮೇಲೆ ಪಟ್ಟಿ ಸುತ್ತಿ, ಕೈ ಮಡಚಬೇಡ ಎಂದಳು.

ನೀ ಇಲ್ಲೇ ಕುಂದ್ರು, ನಾ ಓಡಿ ಹೋಗಿ ಬರತೇನಿ ಎಂದರು ಯಜಮಾನರು. ನೀವು ಕೊಂಡು ತಂದದ್ದನ್ನು ನೋಡಿದ್ದಾಗಿದೆ ಎಂದು ಅವರ ಹಿಂದೆಯೇ ಆಟೋ ಹತ್ತಿದೆ. ಹನ್ನೆರಡೂವರೆಯ ಬಿಸಿಲಿನಲ್ಲಿ ಸೀತಾಬರ್ಡಿ ಕಾದ ಹೆಂಚಿನಂತಿತ್ತು. ಬೆಳಗಿನ ಅಂಗಡಿಯವನು ಕೈ ಮುಗಿದ. ಅವನು ಬರೆದುಕೊಟ್ಟ ಮೂರು ಅಂಗಡಿಗಳಿಗೂ ಹೋದೆವು. ಒಬ್ಬನಿಗೆ ಅದರ ಹೆಸರೇ ಗೊತ್ತಿರಲಿಲ್ಲ, ಇನ್ನೊಬ್ಬನಲ್ಲಿ ಇದ್ದದ್ದು ತಾರೀಖು ಮುಗಿದದ್ದು, ಮೂರನೆಯವನು ಊಟಕ್ಕೆ ಹೋಗಿದ್ದ. ಅವನ ಮನೆ ಹುಡುಕಿ ಊಟದ ತಟ್ಟೆಯಿಂದ ಎಬ್ಬಿಸಿದೆವು. ಅವನಲ್ಲೂ ಇರಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಕಣ್ಣಿಗೆ ಕತ್ತಲೆ ಬಂತು. ಯಜಮಾನರು ಆಸರೆಗೆ ಕೈ ಕೊಟ್ಟರು. ಹಿಡಿಯದೆ ಗೋಡೆ ಹಿಡಿದು ಇಳಿದೆ. ವಾಪಸು ಆಟೋದಲ್ಲಿ ಅವರು ಒಂದೇ ಮಾತನ್ನು ಹೇಳುತ್ತಿದ್ದರು, ಉಪ್ಪು ಹಾಕಿದವ ನಾ, ಉಪ್ಪು ಹಾಕಿದವ ನಾ. ಸುಮ್ಮನಿರಿ ಎಂದೆ. ಒಂದೂವರೆ ಆಗಿತ್ತು.

ಮೊಗಸಾಲೆಯ ಬೆಂಚಿನ ಮೇಲೆ ಸುಮನ್ ಅಳುತ್ತಿದ್ದಳು. ಅವಳ ರಕ್ತದ ರಿಪೋರ್ಟು ಆಗ ತಾನೆ ಬಂದಿತ್ತು. ಬಿಳಿ ಕಣಗಳು ಕಡಿಮೆ, ಇಂದು ಔಷಧವಿಲ್ಲ, ಎಂಟು ದಿನ ಬಿಟ್ಟು ಬಾ ಎಂದಿದ್ದರು. ಅದನ್ನು ಕೇಳಿ ನನಗೆ ಮೊದಲು ಆದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವಳ ಕಣ್ಣೀರಿಗಿಂತ ಮೊದಲು ನನಗೆ ಕಂಡದ್ದು ಅವಳ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿ.

ನಾನು ಅವಳ ಪಕ್ಕದಲ್ಲಿ ಕುಳಿತು, ಸುತ್ತಿಬಳಸದೆ ಕೇಳಿದೆ. ನಮ್ಮ ಶೀಶೆ ಹಾಳಾಗಿದೆ. ನಿನ್ನದನ್ನು ಇಂದು ನನಗೆ ಕೊಡು. ಸೋಮವಾರ ಹೊಸದು ಬರುತ್ತದೆ, ಮಂಗಳವಾರ ನೀನು ಬರುವ ಹೊತ್ತಿಗೆ ಇದೇ ಬೆಂಚಿನ ಮೇಲೆ ನಿನ್ನ ಕೈಗೆ ಕೊಡುತ್ತೇವೆ. ಅವಳ ಅಣ್ಣ ತಕ್ಷಣ ಒಪ್ಪಿದ. ತೆಗೆದುಕೊಳ್ಳಿ, ನಮಗೆ ಹೊಸದು ಬೇಡ, ದೇವರೇ ಬೇಡವೆಂದು ತೋರಿಸಿದ್ದಾನೆ, ಇವಳನ್ನು ಇನ್ನು ಕರೆತರುವುದಿಲ್ಲ ಎಂದ. ನನ್ನ ಕೈ ಡಬ್ಬಿಯ ಹತ್ತಿರವಿತ್ತು. ತೆಗೆದುಕೊಂಡಿದ್ದರೆ ಆಗುತ್ತಿತ್ತು. ಆದರೆ ಸುಮನ್ ಡಬ್ಬಿ ಬಿಟ್ಟಿರಲಿಲ್ಲ. ಅವಳು ಅಳು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಆಡಿದ್ದು ಮರಾಠಿಯಲ್ಲಿ, ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಈ ಬೆಂಚಿನ ಮ್ಯಾಲ ಎಲ್ಲಾರೂ ಸೂಜಿ ಚುಚ್ಚಿಸಿಕೊಳ್ಳೂ ಮೊದಲ ಕಾಣ್ತಾರ, ಅವ್ವಾ. ಚುಚ್ಚಿಸಿಕೊಂಡ ಮ್ಯಾಲ ಏನಾಗ್ತಾರಂತ ಯಾರೂ ಬಂದು ತೋರಸಂಗಿಲ್ಲ. ನಾ ಹನ್ನೆರಡು ದಿನ ಬಿದ್ದಿದ್ದೆ. ಎರಡನೇದಕ್ಕ ಏಳತೇನೋ ಇಲ್ಲೋ. ನೀ ಮೂರನೇದು ತಗೊಳ್ಳಾಕಿ. ಎಂಟು ದಿನಕ್ಕ ನೀ ಬರಬೇಕು, ನಿನ್ನ ಗಂಡ ಅಲ್ಲ. ನನ್ನ ಮುಂದ ನಡದು ತೋರಸಬೇಕು. ಹಂಗಾದ್ರ ಕೊಡತೇನಿ, ನಾನೂ ಬರತೇನಿ."

ಅಣ್ಣ ಏನೋ ಹೇಳಲು ಹೋದ. ಅವಳು ಕೈ ಎತ್ತಿ ತಡೆದಳು. ಬರುತ್ತೇನೆ ಎಂದೆ. ಹಿಂದಿನ ಎರಡು ಸಲವೂ ಎಂಟನೆಯ ದಿನ ನಾನು ಹಾಸಿಗೆಯಲ್ಲಿದ್ದೆ ಎಂಬುದನ್ನು ಹೇಳಲಿಲ್ಲ. ಡಬ್ಬಿ ನನ್ನ ಕೈಗೆ ಬಂತು. "ಘೇ ವ ಮಾಯ್" ಎಂದಳು, ತಗೋ ತಾಯಿ ಎಂದು.

ಸಿಸ್ಟರು ಶೀಶೆಯನ್ನು ಬೆಳಕಿಗೆ ಹಿಡಿದಳು. ಒಳಗಿನ ಔಷಧ ನೀರಿನಂತೆ ಓಡಾಡಿತು. ಡಾಕ್ಟರು ತಾರೀಖು ನೋಡಿ ಒಪ್ಪಿದರು. ಎರಡಕ್ಕೆ ಹತ್ತು ನಿಮಿಷವಿರುವಾಗ ಔಷಧ ನನ್ನ ಕೈಯೊಳಗೆ ಹೋಗಲು ಶುರುವಾಯಿತು. ಮೊಳಕೈವರೆಗೆ ತಣ್ಣಗೆ ಏರುವುದು ತಿಳಿಯಿತು. ಬಾ, ನಿನ್ನನ್ನೇ ಕಾಯುತ್ತಿದ್ದೆ ಎಂದೆ ಮನಸ್ಸಿನಲ್ಲಿ. ಶಾವಿಗೆ ಉಪ್ಪಿಟ್ಟು ಮೂರೂ ಕಾಲಿಗೆ ಹೊರಗೆ ಬಂತು. ಅದರ ಬಗ್ಗೆ ನನಗೆ ಯಾವ ದುಃಖವೂ ಇಲ್ಲ. ಆಮೇಲೆ ಏಳೆಂಟು ಸಲ ಬರಿ ಹಸಿರು ನೀರು. ವಾಂತಿಯ ಡಬ್ಬಿ ಹಿಡಿದವರು ಯಜಮಾನರೇ. ನಾನು ತಲೆ ಎತ್ತಿದಾಗಲೆಲ್ಲ ನಿಂಬೆಹಣ್ಣು ಹೆಚ್ಚಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಆ ಹೊತ್ತಿಗೆ ಸಿಟ್ಟು ಇಳಿದಿತ್ತು. ಉಪ್ಪು ಹಾಕುವಾಗ ಹೊಗಳಿದವಳು ನಾನೇ ಎಂದು ಹೇಳಬೇಕೆಂದುಕೊಂಡೆ. ಬಾಯಿ ತೆಗೆದರೆ ವಾಂತಿ ಬರುತ್ತಿತ್ತು, ಅವರ ಮಣಿಕಟ್ಟು ಹಿಡಿದುಕೊಂಡೆ.

ಐದೂವರೆಯ ಬಸ್ಸಿನಲ್ಲಿ ಕಾಮಠಿಗೆ ಮರಳಿದೆವು. ಕಂಡಕ್ಟರು ಡಬ್ಬಿ ನೋಡಿ ಕಿಟಕಿಯ ಸೀಟು ಬಿಡಿಸಿಕೊಟ್ಟ.

ಇಲ್ಲಿಗೆ ಪ್ರವಾಸ ಮುಗಿಯಬೇಕಾಗಿತ್ತು. ಆದರೆ ಕೊಟ್ಟ ಮಾತು ರಾಮದಾಸಪೇಠದಲ್ಲೇ ಉಳಿದಿತ್ತು. ಆ ಎಂಟು ದಿನಗಳಲ್ಲಿ ಮೊದಲ ನಾಲ್ಕನ್ನು ನಾನು ನೋಡಲಿಲ್ಲ. ಐದನೆಯ ದಿನ ಬಾಯಿತುಂಬ ಹುಣ್ಣು. ಆರನೆಯ ದಿನದಿಂದ ಪಾದಗಳಿಗೆ ನೆಲ ತಿಳಿಯದಂತಾಯಿತು, ಮಡಚಿದ ಕೌದಿಯ ಮೇಲೆ ಕಾಲಿಟ್ಟ ಹಾಗೆ. ಅದು ಆ ಔಷಧದ ಗುಣವಂತೆ. ಏಳನೆಯ ದಿನ ಗೋಡೆ ಹಿಡಿದು ಅಡುಗೆಮನೆಯವರೆಗೆ ಹೋಗಿ ಬಂದೆ, ಸಂಜೆ ಗೋಡೆ ಬಿಟ್ಟು ಹೋಗಲು ನೋಡಿದೆ, ಎರಡು ಸಲ ಬಿದ್ದೆ. ಸೋಮವಾರ ಯಜಮಾನರು ಸೀತಾಬರ್ಡಿಗೆ ಹೋಗಿ, ಹೊಸ ಶೀಶೆ ಬಂದಿದೆಯೆಂದು ನೋಡಿ, ಅದರ ಚೀಟಿಯನ್ನು ಅಂಗಡಿಯವನಿಂದ ಎರಡು ಸಲ ಓದಿಸಿ, ತೆಗೆದಿಡಿಸಿ ಬಂದರು.

ಮಂಗಳವಾರ ನಾನು ಇಳಕಲ್ಲು ಸೀರೆ ಉಡುವುದನ್ನು ಕಂಡು, ಡಾಕ್ಟರು ಹತ್ತು ದಿನ ಹೊರಗೆ ಬಿಡಬೇಡಿ ಅಂದಾರ, ನಾ ಒಬ್ಬನ ಹೋಗಿ ಕೊಟ್ಟು ಬರತೇನಿ ಎಂದರು.

"ಆಕಿ ನೋಡಬೇಕಂದದ್ದು ಶೀಶೆ ಅಲ್ರಿ" ಎಂದೆ.

ಅವರು ಚೀಲ ಎತ್ತಿಕೊಂಡರು. ಆ ದಿನ ಬಸ್ಸು, ರಿಕ್ಷಾ, ಮೆಟ್ಟಿಲು, ಎಲ್ಲ ಕಡೆ ಅವರ ತೋಳು ಹಿಡಿದೇ ಹೋದೆ. ಶಕ್ತಿಯನ್ನು ಉಳಿಸಿಕೊಳ್ಳಬೇಕಾಗಿತ್ತು. ತೆಗೆದಿಡಿಸಿದ್ದ ಶೀಶೆಯನ್ನು ದಾರಿಯಲ್ಲಿ ಇಸಿದುಕೊಂಡು, ಥರ್ಮಾಸಿನಲ್ಲಿ ಉಪ್ಪಿಲ್ಲದ ಬರ್ಫದ ಮೇಲಿಟ್ಟಿದ್ದೆವು. ಬೆಂಚಿನ ಮೇಲೆ ಸುಮನ್ ನಮಗಿಂತ ಮೊದಲೇ ಬಂದು ಕುಳಿತಿದ್ದಳು, ಅಣ್ಣ ಪಕ್ಕದಲ್ಲಿ. ಈ ಸಲ ಅವಳ ರಿಪೋರ್ಟು ಸರಿಯಾಗಿ ಬಂದಿತ್ತು, ಅದನ್ನು ಸುರುಳಿ ಸುತ್ತಿ ಮುಷ್ಟಿಯಲ್ಲಿ ಹಿಡಿದಿದ್ದಳು. ಥರ್ಮಾಸಿನ ಕಡೆ ಅವಳು ನೋಡಲೇ ಇಲ್ಲ. ಮೊಗಸಾಲೆಯ ಆಚೆ ತುದಿಯ ಹಸಿರು ಬಾಗಿಲನ್ನು ಗದ್ದದಿಂದ ತೋರಿಸಿದಳು.

ಚಪ್ಪಲಿ ಬಿಟ್ಟೆ. ಯಜಮಾನರ ತೋಳು ಬಿಟ್ಟೆ. ಪಾದಕ್ಕೆ ನೆಲ ತಿಳಿಯದಿದ್ದರಿಂದ ಕಣ್ಣಿನಿಂದಲೇ ನೋಡಿ ನೋಡಿ ಒಂದೊಂದು ಹೆಜ್ಜೆ ಇಡಬೇಕಾಗಿತ್ತು. ಕೂಲರಿನ ಎದುರು ಬಂದಾಗ ಗಾಳಿಗೆ ಸೆರಗು ತಲೆಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬೀಳುತ್ತೇನೆಂದು ಗೊತ್ತಿತ್ತು, ಬಿಟ್ಟೆ. ಬಾಗಿಲಿಗೆ ಕೈ ಮುಟ್ಟಿಸಿ ತಿರುಗಿದೆ. ಬರುವಾಗ ನಡುದಾರಿಯಲ್ಲಿ ಮೊಳಕಾಲು ನಡುಗಲು ಹತ್ತಿತು. ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. ಬರಬೇಡಿ ಎಂದು ಕೈ ತೋರಿಸಿದೆ. ನಿಂತೆ. ಟ್ರೇ ಹಿಡಿದ ಸಿಸ್ಟರು ಗೋಡೆಗೆ ಸರಿದು ನಿಂತಿದ್ದಳು. ಸುಮನ್ ಕಣ್ಣು ಮಿಟುಕಿಸದೆ ನನ್ನ ಪಾದಗಳನ್ನೇ ನೋಡುತ್ತಿದ್ದಳು. ಉಸಿರು ತೆಗೆದುಕೊಂಡು ಉಳಿದ ಹೆಜ್ಜೆಗಳನ್ನೂ ಇಟ್ಟು ಅವಳ ಮುಂದೆ ಬಂದು ನಿಂತೆ, ಕುಳಿತುಕೊಳ್ಳಲಿಲ್ಲ.

ಅಣ್ಣ ಎದ್ದು ನಿಂತು, ತಾಯಿ, ಕುಳಿತುಕೊಳ್ಳಿ ಎಂದ. ಸುಮನ್ ಯಜಮಾನರ ಕೈಯಿಂದ ಥರ್ಮಾಸು ತೆಗೆದುಕೊಂಡು ಸಿಸ್ಟರಿಗೆ ಕೊಟ್ಟಳು. ರವಿಕೆಯ ತೋಳನ್ನು ಮೇಲಕ್ಕೆ ಸರಿಸುತ್ತ ಅವಳ ಹಿಂದೆ ಒಳಗೆ ಹೊರಟವಳು ಬಾಗಿಲಲ್ಲಿ ತಿರುಗಿದಳು.

"ಮುಂದಿನ ಮಂಗಳವಾರ ನೀ ಇಲ್ಲೇ ಬಂದು ಕುಂದ್ರು" ಎಂದಳು. "ನಡೆಯಾಕಿ ನಾನು."